ಕಮಾನು ಕುಸಿದವರಿಗೊಂದು ಕೈಪಿಡಿ

ಈ ಕೈಪಿಡಿ ಹಿಡಿದುಕೊಂಡು ಮೊದಲು ಗಾಡಿಯ ಹಿಂದೆ ಹತ್ತು ಮಾರು ದೂರ ಹೋಗಿ ನಿಲ್ಲಿ. ಗಾಡಿ ನಿಮಗೆ ಬೆನ್ನು ಹಾಕಿ, ಸೊಂಟ ಒಂದು ಕಡೆಗೆ ವಾಲಿಸಿಕೊಂಡು, ಬಸ್ಸಿಗೆ ಕಾದು ಸಾಕಾದ ಅಜ್ಜನ ಹಾಗೆ ನಿಂತಿದ್ದರೆ ಮುಂದಕ್ಕೆ ಓದಿ. ನೆಟ್ಟಗೆ ನಿಂತಿದ್ದರೆ ಓದುವುದು ಬೇಡ, ಕೈಪಿಡಿಯನ್ನು ನಿಮ್ಮ ಭಾವನಿಗೆ ಕೊಡಿ. ನಿಮ್ಮ ಗಾಡಿ ನೆಟ್ಟಗಿದೆ ಅಂದರೆ ನೀವು ಹೊರೆ ಸಾಗಿಸುವುದು ಭಾವನ ಗಾಡಿಯಲ್ಲಿ ಎಂದು ಅರ್ಥ.

ಯಾವ ಗಾಡಿಗೆ ಇದು ಅನ್ವಯ? ನಾನು ಬಲ್ಲದ್ದು ಒಂದೇ ಗಾಡಿ, ಮಹೀಂದ್ರದ ಎಫ್‌ಸಿ 150 ಪಿಕಪ್. ಅಮೆರಿಕದ ಟೊಲೆಡೊ ಪಟ್ಟಣದ ವಿಲ್ಲೀಸ್ ಕಂಪನಿ 1956ರಲ್ಲಿ ಹೊರತಂದ ಜೀಪ್ ಜಾತಿಯ ಪುಟ್ಟ ಟ್ರಕ್ಕು ಅದು. ಎಫ್‌ಸಿ ಅಂದರೆ ಫಾರ್ವರ್ಡ್ ಕಂಟ್ರೋಲ್. ಡ್ರೈವರು ಎಂಜಿನ್ನಿನ ಹಿಂದೆ ಕೂರುವ ಬದಲು ಅದರ ಪಕ್ಕದಲ್ಲೇ, ಒಲೆಯ ಬುಡದಲ್ಲಿ ಚಳಿ ಕಾಯಿಸುವವನ ಹಾಗೆ ಕೂರಬೇಕು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 81 ಇಂಚು, ಅಷ್ಟೆ. ಅವರು ಅರವತ್ತರ ದಶಕದ ನಡುವಿಗೆ ಅದನ್ನು ಕೈಬಿಟ್ಟರು, ನಮ್ಮವರು ಎತ್ತಿಕೊಂಡರು. ಮೂತಿ ಇಲ್ಲದ್ದರಿಂದ ನಮ್ಮೂರಲ್ಲಿ ಇದಕ್ಕೆ ಮೊಂಡ ಎಂದು ಹೆಸರು ಬಿತ್ತು. ಸ್ವಭಾವ ನೋಡಿ ಇಟ್ಟ ಹೆಸರು ಎಂದು ಅಮ್ಮ ಹೇಳುವುದೂ ಸುಳ್ಳಲ್ಲ. ಅಪ್ಪ 1978ರಲ್ಲಿ ಒಂದು ಕಾಫಿ ತೋಟದವರಿಂದ ಕೊಂಡಾಗಲೇ ಅದು ಹಳೇ ಗಾಡಿ. ನಂಬರ್ ಪ್ಲೇಟಿನಲ್ಲಿ ಇವತ್ತಿಗೂ ಮೈಸೂರು ರಾಜ್ಯದ ಕಾಲದ ಎಂವೈ ಅಕ್ಷರ ಇದೆ.

ನಿಮ್ಮ ಹತ್ತಿರ ಬೇರೆ ಗಾಡಿ ಇದ್ದರೂ ಬೇಸರ ಬೇಡ. ಕುಸಿಯುವ ಶಾಸ್ತ್ರ ಎಲ್ಲಕ್ಕೂ ಒಂದೇ.

ಹೆಸರುಗಳ ವಿಚಾರ

ಕಂಪನಿ ಪುಸ್ತಕದಲ್ಲಿ ಈ ಕಮಾನು ಲೀಫ್ ಸ್ಪ್ರಿಂಗ್. ಗ್ಯಾರೇಜಿನಲ್ಲಿ ಹಾಗೆ ಕೇಳಿದರೆ ನಿಮ್ಮನ್ನು ಇಂಜಿನಿಯರಿಂಗ್ ಓದಿದವರು ಎಂದು ತಿಳಿದು ದರ ಏರಿಸುತ್ತಾರೆ. ಲಾರಿಯವರ ಬಾಯಲ್ಲಿ ಬ್ಲೇಡ್, ಇಲ್ಲವೇ ಪ್ಲೇಟ್. ಹುಬ್ಬಳ್ಳಿ ಕಡೆ ಪಾಟಾ. ಪಾಟಾ ಕಟ್ಟಾಗಿ ಬಸ್ಸು ಗದ್ದೆಗೆ ಇಳಿದ ಸುದ್ದಿಯನ್ನು ಪೇಪರಿನಲ್ಲಿ ಓದದ ಕನ್ನಡಿಗ ಇದ್ದಾನೆಯೇ? ನಮ್ಮ ಮನೆಯಲ್ಲಿ ಒಟ್ಟು ಕಟ್ಟಿಗೆ ಕಮಾನು, ಬಿಡಿಬಿಡಿಯಾಗಿ ಪಟ್ಟಿ. ಲೀಫ್ ಅನ್ನುವುದನ್ನು ಎಲೆ ಎಂದೇ ಅಚ್ಚಗನ್ನಡ ಮಾಡಿದರೆ ಒಂದು ಮಜಾ ಇದೆ: ನಮ್ಮ ಪಿಕಪ್ಪಿನಲ್ಲಿ ಹತ್ತಿರಹತ್ತಿರ ಐವತ್ತು ವರ್ಷದಿಂದ ಮೇಲೆ ಅಡಿಕೆ, ಕೆಳಗೆ ಎಲೆ. ಜಗಿದದ್ದು ಯಾರು, ಜಗಿಸಿಕೊಂಡದ್ದು ಯಾರು ಎಂಬುದು ಗಾಡಿಯ ಸೊಂಟ ನೋಡಿದರೆ ಗೊತ್ತಾಗುತ್ತದೆ.

ಒಂದು ಉದ್ದ ಪಟ್ಟಿ, ಎರಡೂ ತುದಿಯಲ್ಲಿ ಸುರುಳಿ ಸುತ್ತಿದ ಕಣ್ಣು. ಇದು ಮೈನ್ ಪ್ಲೇಟ್. ಅದರ ಕೆಳಗೆ ಒಂದಕ್ಕಿಂತ ಒಂದು ಗಿಡ್ಡ ಪಟ್ಟಿಗಳು, ಗ್ರೂಪ್ ಫೋಟೋಕ್ಕೆ ನಿಂತ ಮಕ್ಕಳ ಹಾಗೆ. ನಟ್ಟನಡುವೆ ಎಲ್ಲವನ್ನೂ ಪೋಣಿಸುವ ಒಂದು ಸೆಂಟರ್ ಬೋಲ್ಟ್. ಈ ಕಟ್ಟನ್ನು ಹಿಂದಿನ ಆಕ್ಸಲ್ಲಿನ ಹೌಸಿಂಗಿಗೆ ಬಿಗಿದು ಹಿಡಿಯುವುದು ಯು ಬೋಲ್ಟು. ಒಂದು ತುದಿ ಚಾಸಿಗೆ ನೇರ ಪಿನ್ನಿನಿಂದ, ಇನ್ನೊಂದು ತುದಿ ಶ್ಯಾಕಲ್ ಎಂಬ ಉಯ್ಯಾಲೆಯ ಮೂಲಕ. ಉಯ್ಯಾಲೆ ಯಾಕೆಂದರೆ ಬಾಗಿದ ಪಟ್ಟಿ ಹೊರೆ ಬಿದ್ದು ನೆಟ್ಟಗಾದಾಗ ಉದ್ದ ಆಗುತ್ತದೆ, ಅದಕ್ಕೆ ಹೋಗಲು ಜಾಗ ಬೇಕು. ಇಷ್ಟೇ ಯಂತ್ರ. ಕುದುರೆ ಸಾರೋಟಿನ ಕಾಲದ್ದು. ಒಬಾಡಿಯಾ ಎಲಿಯಟ್ ಎಂಬ ಇಂಗ್ಲಿಷಿನವನು 1804ರಲ್ಲಿ ಇಂಥ ಪಟ್ಟಿಗಳನ್ನು ಸಾರೋಟಿಗೆ ಕಟ್ಟಿ ಪೇಟೆಂಟಿಗೆ ಹೋದ. ಅದಕ್ಕೂ ಹಿಂದಿನ ಕಾಲದಲ್ಲಿ ಪೆಟ್ಟಿಗೆಯನ್ನು ಚರ್ಮದ ಪಟ್ಟೆಗಳಲ್ಲಿ ನೇತುಹಾಕುತ್ತಿದ್ದರು, ತೊಟ್ಟಿಲ ಹಾಗೆ.

ಹಂತ 1: ತಪ್ಪು ಕಮಾನಿನದೇ ಎಂದು ಖಾತ್ರಿ ಮಾಡಿಕೊಳ್ಳಿ

ಈ ಹಂತವನ್ನು ಬಿಟ್ಟವರು ಬಹಳ ಜನ. ಅದರಲ್ಲಿ ಮೊದಲಿಗ ನಾನು. ಎಡಗಡೆ ವಾಲಿದ್ದನ್ನು ನೋಡಿ ಒಂದು ಇಡೀ ಭಾನುವಾರ ಕಮಾನನ್ನು ಬೈದು, ಸಂಜೆ ಹೊತ್ತಿಗೆ ಎಡ ಟೈರಿನಲ್ಲಿ ಗಾಳಿ ಅರ್ಧ ಇದ್ದದ್ದು ಕಂಡೆ. ಗಾಳಿ ತುಂಬಿದ ಮೇಲೂ ವಾಲಿತ್ತು ಅನ್ನಿ, ಆದರೆ ಬೈದದ್ದರಲ್ಲಿ ಅರ್ಧ ವಾಪಸ್ ತೆಗೆದುಕೊಳ್ಳಬೇಕಾಯಿತು.

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಮಲೆನಾಡಿನಲ್ಲಿ ಇದೇ ದೊಡ್ಡ ಸವಾಲು. ಅಡಿಕೆ ಒಣಗಿಸುವ ಅಂಗಳ ಒಳ್ಳೆಯದು, ಹಾಗೆಂದು ಸುಗ್ಗಿಯಲ್ಲಿ ಅಲ್ಲಿಗೆ ಗಾಡಿ ತಂದು ಮನೆಯವರ ಕೈಗೆ ಸಿಕ್ಕಿಕೊಳ್ಳಬೇಡಿ. ಚಕ್ರದ ನಟ್ಟನಡುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದು ಅಳೆಯಿರಿ, ಎರಡೂ ಕಡೆ. ನೆಲದಿಂದ ಅಳೆದರೆ ಟೈರಿನ ಸವೆತವೂ ಲೆಕ್ಕಕ್ಕೆ ಸೇರಿ ಮೋಸ ಆಗುತ್ತದೆ. ನಮ್ಮ ಮೊಂಡನಿಗೆ ಬಲಕ್ಕಿಂತ ಎಡ ಒಂದೂವರೆ ಇಂಚು ಕೆಳಗಿತ್ತು.

ಆಮೇಲೆ ಕೆಳಗೆ ಮಲಗಿ. ಶ್ಯಾಕಲ್ ಬಗ್ಗಿದೆಯೇ, ಕಣ್ಣಿನೊಳಗಿನ ರಬ್ಬರ್ ಬುಷ್ ಸವೆದು ಪಿನ್ನು ಕಬ್ಬಿಣಕ್ಕೆ ತಾಗುತ್ತಿದೆಯೇ, ಯಾವ ಪಟ್ಟಿಯಾದರೂ ತುಂಡಾಗಿ ಸಭ್ಯನ ಹಾಗೆ ಸಾಲಿನಲ್ಲೇ ನಿಂತಿದೆಯೇ, ನೋಡಿ. ಸೆಂಟರ್ ಬೋಲ್ಟ್ ಕಡಿದಿದ್ದರೆ ಹೌಸಿಂಗೇ ಹಿಂದಕ್ಕೆ ಸರಿದು ಗಾಡಿ ರಸ್ತೆಯಲ್ಲಿ ನಾಯಿ ನಡೆದಂತೆ ಅಡ್ಡಡ್ಡ ಹೋಗುತ್ತದೆ. ನಿಮ್ಮ ಹಿಂದೆ ಬರುವವರು ಬಹಳ ದಿನದಿಂದ ಇದನ್ನು ಹೇಳುತ್ತಿದ್ದು, ನೀವು ಹಾರ್ನ್ ಎಂದು ತಿಳಿದಿರಲೂಬಹುದು.

ಎಡವೇ ಯಾಕೆ ಮೊದಲು ಕುಸಿಯುತ್ತದೆ? ನಮ್ಮ ರಸ್ತೆಗಳ ಬೆನ್ನು ನಡುವೆ ಉಬ್ಬಿ ಅಂಚಿಗೆ ಇಳಿಜಾರು; ಎಡಕ್ಕೆ ಹೋಗುವ ಗಾಡಿಯ ಭಾರ ಎಡಕ್ಕೇ ಜಾರುತ್ತದೆ. ಇದು ಪುಸ್ತಕದ ಕಾರಣ. ಮನೆಯ ಕಾರಣ ಬೇರೆ. ಹಿಂದಿನ ತೊಟ್ಟಿಗೆ ಹತ್ತುವವರೆಲ್ಲ ಎಡಗಡೆಯಿಂದಲೇ ಹತ್ತಿ, ಹತ್ತಿದ ಕಡೆಯೇ ಕೂರುತ್ತಿದ್ದರು. ಮದುವೆ ದಿಬ್ಬಣ, ತಿಥಿಗೆ ಹೊರಟ ಪಾತ್ರೆ, ಚುನಾವಣೆಯ ಮೈಕು, ಗಬ್ಬದ ಎಮ್ಮೆ, ಎಲ್ಲ ಎಡಕ್ಕೆ.

ಹಂತ 2: ತಪ್ಪೊಪ್ಪಿಗೆ

ಯಾವ ಮೇಸ್ತ್ರಿಯ ಹತ್ತಿರ ಹೋದರೂ ಅವನು ಮೊದಲು ಕೇಳುವುದು "ಎಷ್ಟು ಲೋಡ್ ಹಾಕಿದ್ರಿ?" ಎಂದು. ಸುಳ್ಳು ಹೇಳಬೇಡಿ, ಪಟ್ಟಿ ಎಲ್ಲ ಹೇಳಿಬಿಟ್ಟಿರುತ್ತದೆ. ನಾನು "ಹೆಚ್ಚೇನಿಲ್ಲ, ಅಡಿಕೆ ಮೂಟೆ, ಗೊಬ್ಬರ" ಎಂದೆ. ಆತ ಪಟ್ಟಿಯ ಸಂದಿಗೆ ಬೆರಳು ಹಾಕಿ ಕೆಂಪು ಧೂಳು ತೆಗೆದು ತೋರಿಸಿದ. ಜಂಬಿಟ್ಟಿಗೆ ಕಲ್ಲಿನ ಧೂಳು. ತಮ್ಮನ ಮನೆ ಕಟ್ಟಿಸುವಾಗ ಟ್ರ್ಯಾಕ್ಟರ್ ಬಾಡಿಗೆ ಉಳಿಸಲು ಒಂದು ಬೇಸಿಗೆ ಇಡೀ ಕಲ್ಲು ಹೊಡೆದಿದ್ದೆವು. ಉಳಿದ ಬಾಡಿಗೆಯನ್ನು ಈಗ ಕಂತಿನಲ್ಲಿ ಕಟ್ಟುತ್ತಿದ್ದೇನೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ಕುಸಿದ ಕಮಾನು ಮೆತ್ತಗಾಗಿದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಮೆತ್ತಗಾಗಿಲ್ಲ, ನೆಟ್ಟಗಾಗಿದೆ. ಒಂದು ಮೂಟೆ ಹಾಕಿದರೆ ಹೊಸದರಲ್ಲಿ ಎಷ್ಟು ತಗ್ಗುತ್ತಿತ್ತೋ ಈಗಲೂ ಹೆಚ್ಚುಕಡಿಮೆ ಅಷ್ಟೇ ತಗ್ಗುತ್ತದೆ. ಆದರೆ ತಗ್ಗಲು ಶುರು ಮಾಡುವ ಜಾಗವೇ ಕೆಳಗೆ ಬಂದುಬಿಟ್ಟಿದೆ. ಹೊರೆಗೆ ತಕ್ಕಷ್ಟೇ ಬಾಗು, ಹೊರೆ ಇಳಿದರೆ ಬಾಗು ಮಾಯ. ಈ ನಿಯಮ ರಾಬರ್ಟ್ ಹುಕ್‌ನದು. ಆ ಮಹಾನುಭಾವ 1676ರಲ್ಲಿ ಇದನ್ನು ಕಂಡುಕೊಂಡಿದ್ದೇನೆ ಎಂದು ಹೇಳಿ, ಯಾರೂ ಕದಿಯದಿರಲಿ ಎಂದು ಅಕ್ಷರಗಳನ್ನು ಕಲಸಿ ಒಗಟು ಮಾಡಿ ಅಚ್ಚು ಹಾಕಿಸಿದ. ಬಿಡಿಸಿ ಹೇಳಿದ್ದು 1678ರಲ್ಲಿ. ಸ್ಪ್ರಿಂಗ್ ಕೆಲಸದವರು ಗುಟ್ಟು ಬಿಡದಿರುವ ಪದ್ಧತಿ ಅಷ್ಟು ಹಳೆಯದು. ಆದರೆ ಈ ನಿಯಮಕ್ಕೊಂದು ಮಿತಿ ಇದೆ. ಮಿತಿ ಮೀರಿ ಬಾಗಿಸಿದರೆ ಉಕ್ಕು ಪೂರ್ತಿ ವಾಪಸ್ ಬರುವುದಿಲ್ಲ, ಒಂದು ಕೂದಲೆಳೆ ಅಲ್ಲೇ ಉಳಿಯುತ್ತದೆ. ಕೂದಲೆಳೆ ಕೂದಲೆಳೆ ಸೇರಿ ಒಂದೂವರೆ ಇಂಚು.

ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ ಗಾದೆಯನ್ನು ನಾವು ಬೈಗುಳಕ್ಕೆ ಬಳಸುತ್ತೇವೆ. ಕಮಾನಿನ ಶಾಸ್ತ್ರದಲ್ಲಿ ಅದು ಬಿರುದು. ಎಷ್ಟು ಸಲ ನೆಟ್ಟಗೆ ಮಾಡಿದರೂ ಬಿಟ್ಟ ತಕ್ಷಣ ಡೊಂಕಾಗುವುದೇ ಒಳ್ಳೆ ಪಟ್ಟಿ. ನಮ್ಮ ಮೊಂಡನ ತೊಂದರೆ ಏನೆಂದರೆ ಅದರ ಬಾಲಕ್ಕೆ ನಾವು ಕಟ್ಟಿದ ದಬ್ಬೆ ನಿಜಕ್ಕೂ ಕೆಲಸ ಮಾಡಿಬಿಟ್ಟಿತ್ತು.

ಹಂತ 3: ಬಿಚ್ಚುವುದು

ಬೇಕಾಗುವ ಸಾಮಾನು: ಎರಡು ಜಾಕು, ಎರಡು ಗಟ್ಟಿ ಸ್ಟ್ಯಾಂಡು, ದೊಡ್ಡ ಪಾನಾ, ಆ ಪಾನಾದ ಹಿಡಿಗೆ ತೊಡಿಸಲು ನೀರಿನ ಪೈಪಿನ ತುಂಡು, ಹಾರೆ, ಗ್ರೈಂಡರ್, ತಂತಿ ಬ್ರಶ್ಶು, ಸೀಮೆಎಣ್ಣೆ, ಸೀಮೆಸುಣ್ಣ. ಮತ್ತು ಸಲಹೆ ಕೊಡದೆ ಟಾರ್ಚು ಹಿಡಿಯಬಲ್ಲ ಒಬ್ಬ ಮನುಷ್ಯ. ಕೊನೆಯದು ನಮ್ಮ ಊರಲ್ಲಿ ಸಿಗಲಿಲ್ಲ, ಭಾವನನ್ನೇ ಕರೆದುಕೊಂಡೆ.

ಎಚ್ಚರಿಕೆ, ಇದು ತಮಾಷೆಯಲ್ಲ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಸ್ಟ್ಯಾಂಡನ್ನು ಚಾಸಿಗೆ ಕೊಡಿ. ಸ್ಟ್ಯಾಂಡಿನ ಬದಲು ಜಂಬಿಟ್ಟಿಗೆ ಕಲ್ಲು ಪೇರಿಸುವ ಚಾಳಿ ನಮ್ಮಲ್ಲಿದೆ. ಅದು ಗೋಡೆಗೆ ಸರಿ, ಜಾಕಿನ ಪಕ್ಕ ಸರಿಯಲ್ಲ; ಒಂದು ಮೂಲೆಯಲ್ಲಿ ಭಾರ ಬಿದ್ದರೆ ಸೀಳುತ್ತದೆ.

ಯು ಬೋಲ್ಟಿನ ನಟ್ಟುಗಳಿಗೆ ಹಿಂದಿನ ರಾತ್ರಿಯೇ ಸೀಮೆಎಣ್ಣೆ ಕುಡಿಸಿ. ಬೆಳಗ್ಗೆ ಪಾನಾ ಹಾಕಿ, ಪೈಪು ತೊಡಿಸಿ, ಇಬ್ಬರೂ ನೇತಾಡಿ. ನಮ್ಮ ನಟ್ಟು ಅಲ್ಲಾಡಲಿಲ್ಲ, ಪೈಪು ಮಾತ್ರ ಬಾಗಿತು. "ನೋಡಿ ಭಾವ, ಇದಕ್ಕೆ ಎಂಥಾ ಚಂದ ಕಮಾನು ಬಂತು" ಎಂದರು ಭಾವ. ಟಾರ್ಚು ಹಿಡಿದವರ ಮಾತಿಗೆ ಉತ್ತರ ಕೊಡಬಾರದು. ಕೊನೆಗೆ ಗ್ರೈಂಡರಿನಿಂದ ಕತ್ತರಿಸಿದೆವು. ಅದರಿಂದ ನಷ್ಟವಿಲ್ಲ: ಒಮ್ಮೆ ಬಿಗಿದು ಎಳೆಸಿಕೊಂಡ ಯು ಬೋಲ್ಟನ್ನು ಮತ್ತೆ ಹಾಕಬಾರದು ಎಂಬುದು ಸ್ಪ್ರಿಂಗ್ ಕೆಲಸದ ಮೊದಲ ನೇಮ. ಹೇಗೂ ಹೊಸದು ಕೊಳ್ಳಲೇಬೇಕು.

ಕಮಾನು ಹೊರಗೆ ಬಂದ ಮೇಲೆ ಅವಸರಕ್ಕೆ ಬಿದ್ದು ಸೆಂಟರ್ ಬೋಲ್ಟಿಗೆ ಕೈ ಹಾಕಬೇಡಿ. ಪಟ್ಟಿಗಳೆಲ್ಲ ಒಂದೇ ಬಾಗಿನವಲ್ಲ. ಕೆಳಕೆಳಗೆ ಹೋದಂತೆ ಗಿಡ್ಡ ಪಟ್ಟಿಗಳಿಗೆ ಬಾಗು ಹೆಚ್ಚು. ಅವನ್ನು ಒತ್ತಿ ಹಿಡಿದು ಒಟ್ಟಿಗೆ ಪೋಣಿಸಿರುತ್ತಾರೆ. ಬೋಲ್ಟು ಕಳಚಿದರೆ ಅಷ್ಟೂ ಒಟ್ಟಿಗೆ ಹಾರುತ್ತವೆ. ಮೊದಲು ದೊಡ್ಡ ವೈಸಿನಲ್ಲಿ, ಇಲ್ಲವೇ ಗಟ್ಟಿ ಕ್ಲ್ಯಾಂಪಿನಲ್ಲಿ ಕಚ್ಚಿ ಹಿಡಿದು, ಆಮೇಲೆ ಬೋಲ್ಟು ತೆಗೆದು, ಕ್ಲ್ಯಾಂಪನ್ನು ಎಳೆಎಳೆಯಾಗಿ ಸಡಿಲಿಸಿ. ಪ್ರತಿ ಪಟ್ಟಿಗೂ ಸೀಮೆಸುಣ್ಣದಲ್ಲಿ ನಂಬರು ಬರೆಯಿರಿ, ಮುಂಭಾಗ ಯಾವುದು ಎಂದೂ ಬರೆಯಿರಿ. ನಮ್ಮದರಲ್ಲಿ ಒಂಬತ್ತು ಬಂದವು. ಎರಡು ಯಾವುದೋ ಬೇರೆ ಗಾಡಿಯವು. ಅಪ್ಪನ ಕಾಲದ ರಿಪೇರಿ. ಅಗಲ ಸಾಲದೆ, ದಿಬ್ಬಣದಲ್ಲಿ ಗುರುತಿಲ್ಲದ ನೆಂಟರ ಹಾಗೆ ಅಂಚಿಗೆ ನಿಂತಿದ್ದವು.

ಇನ್ನು ಬಿರುಕು ಹುಡುಕುವುದು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಭಾಗ. ಪಟ್ಟಿಯನ್ನು ತಂತಿ ಬ್ರಶ್ಶಿನಿಂದ ಬಿಳಿ ಕಬ್ಬಿಣ ಕಾಣುವವರೆಗೆ ಉಜ್ಜಿ. ಸೀಮೆಎಣ್ಣೆ ಸವರಿ ಒಂದು ಗಂಟೆ ಬಿಡಿ. ಒಣ ಬಟ್ಟೆಯಿಂದ ಚೊಕ್ಕ ಒರೆಸಿ. ಈಗ ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಬಳಿದು ಕಾಯಿರಿ. ಪಟ್ಟಿ ಬೆಳ್ಳಗೆ, ಒಣಗಿದ ರಂಗೋಲಿಯ ಹಾಗೆ. ಕಾಫಿ ಕುಡಿದು ಬರುವಷ್ಟರಲ್ಲಿ ನಮ್ಮ ಮೂರನೇ ಪಟ್ಟಿಯ ನಡುವೆ, ಸೆಂಟರ್ ಬೋಲ್ಟಿನ ತೂತಿನ ಪಕ್ಕ, ಕೂದಲಿನಷ್ಟು ಸಣ್ಣ ಒದ್ದೆ ಗೆರೆ ಮೂಡಿತ್ತು. ಬಿರುಕಿನೊಳಗೆ ಅಡಗಿದ್ದ ಸೀಮೆಎಣ್ಣೆಯನ್ನು ಸುಣ್ಣ ಹೊರಗೆ ಎಳೆದಿತ್ತು. ಬರಿಗಣ್ಣಿಗೆ ಅಲ್ಲಿ ಏನೂ ಇರಲಿಲ್ಲ. ಬಿರುಕು ಬಿಟ್ಟ ಪಟ್ಟಿಗೆ ವೆಲ್ಡಿಂಗ್ ಮಾಡಿಸುವ ಯೋಚನೆ ಬಂದರೆ ಆ ಯೋಚನೆಯನ್ನೇ ಗುಜರಿಗೆ ಹಾಕಿ. ವೆಲ್ಡಿಂಗಿನ ಕಾವಿಗೆ ಪಕ್ಕದ ಉಕ್ಕಿನ ಹದ ಹೋಗಿ, ಬೆಸುಗೆಯ ಮಗ್ಗುಲಲ್ಲೇ ಮತ್ತೆ ಒಡೆಯುತ್ತದೆ.

ಹಂತ 4: ಬಾಗು ವಾಪಸ್ ತರುವುದು, ಅಥವಾ ನಾನು ಮೂರು ಸಲ ಹೇಗೆ ಕೆಟ್ಟೆ

ಮೊದಲನೇ ಸಲ ಸುತ್ತಿಗೆಯಿಂದ. ಇಲ್ಲೇ ಹತ್ತಿರದ ಒಂದು ಪೇಟೆಯಲ್ಲಿ, ಹೆಸರು ಬೇಡ, ಒಬ್ಬರು ಪಟ್ಟಿಯನ್ನು ತಣ್ಣಗಿರುವಾಗಲೇ ಎರಡು ದಿಮ್ಮಿಯ ನಡುವೆ ಅಡ್ಡ ಇಟ್ಟು ಒಳಮೈಗೆ ಸಾಲಾಗಿ ಬಡಿದರು. ಬಾಗು ಬಂತು. ಗಾಡಿ ಎದ್ದು ನಿಂತಿತು. ಸಂಭ್ರಮಕ್ಕೆ ಮಸಾಲೆ ದೋಸೆ ಕೊಡಿಸಿದೆ. ಮೂರು ತಿಂಗಳಿಗೆ ಗಾಡಿ ಮತ್ತೆ ಅಜ್ಜ.

ಯಾಕೆ ಎಂದು ಆಮೇಲೆ ತಿಳಿಯಿತು. ಹೊರೆ ಬಿದ್ದಾಗ ಪಟ್ಟಿ ನೆಟ್ಟಗಾಗುತ್ತದೆ. ಆಗ ಅದರ ಒಳಮೈ, ಅಂದರೆ ತಗ್ಗಿನ ಕಡೆಯ ಮೈ, ಹಿಗ್ಗುತ್ತದೆ. ಎಳೆತ ಬೀಳುವುದು ಅಲ್ಲಿ. ತಣ್ಣಗೆ ಬಡಿದು ಬಗ್ಗಿಸಿದರೆ ಅದೇ ಒಳಮೈಯನ್ನು ಬಲವಂತವಾಗಿ ಕುಗ್ಗಿಸಿದ ಹಾಗಾಯಿತು. ಸುತ್ತಿಗೆ ಎತ್ತಿದ ಮೇಲೆ ಪಟ್ಟಿಯ ಒಡಲು ವಾಪಸ್ ಹೋಗಲು ಜಗ್ಗುತ್ತದೆ, ಒಳಮೈಯಲ್ಲಿ ಒಂದು ಎಳೆತ ಖಾಯಮ್ಮಾಗಿ ಉಳಿಯುತ್ತದೆ. ಅದರ ಮೇಲೆ ಹೊರೆಯ ಎಳೆತ. ಸಾಲದವನ ಮೇಲೆ ಮತ್ತೊಂದು ಸಾಲ. ಕುಸಿಯದೆ ಏನು ಮಾಡೀತು? ಕಾರ್ಖಾನೆಯಲ್ಲಿ ಮಾಡುವುದು ಇದರ ತದ್ವಿರುದ್ಧ. ಬೇಕಾದ್ದಕ್ಕಿಂತ ಹೆಚ್ಚು ಬಾಗಿಸಿ ತಯಾರಿಸಿ, ಆಮೇಲೆ ಪ್ರೆಸ್ಸಿಗೆ ಕೊಟ್ಟು ಹೊರೆ ಬೀಳುವ ದಿಕ್ಕಿನಲ್ಲೇ ಮಿತಿ ಮೀರಿ ಒತ್ತಿಬಿಡುತ್ತಾರೆ. ಕುಸಿಯುವುದಷ್ಟೂ ಅಲ್ಲೇ ಕುಸಿಯಲಿ, ಗಿರಾಕಿಯ ಮನೆಗೆ ಹೋಗಿ ಕುಸಿಯುವುದು ಬೇಡ ಎಂದು. ಒಳಮೈಗೆ ಸಣ್ಣ ಉಕ್ಕಿನ ಗುಂಡು ಸಿಡಿಸಿ ಮೇಲ್ಪದರವನ್ನು ಗಟ್ಟಿ ಮಾಡುವುದೂ ಉಂಟು.

ಎರಡನೇ ಸಲ, ಹೆಚ್ಚುವರಿ ಪಟ್ಟಿ. ಇದಕ್ಕೆ ಸಲಹೆ ಕೊಡದವರಿಲ್ಲ. "ಒಂದು ಪ್ಲೇಟ್ ಜಾಸ್ತಿ ಹಾಕ್ಸಿ ಮಾರಾಯ್ರೆ, ತಲೆಬಿಸಿ ಇಲ್ಲ." ಹಾಕಿಸಿದೆ. ಅಗಲ ಸರಿ ಹೊಂದುವ ಲಾರಿ ಪಟ್ಟಿ ಸಿಕ್ಕಿತು, ಒಂದಿಷ್ಟು ದಪ್ಪ, ಇರಲಿ ಬಿಡಿ ಎಂದರು. ಆ 'ಒಂದಿಷ್ಟು' ಎಂಬುದು ಕಮಾನಿನ ಶಾಸ್ತ್ರದಲ್ಲಿ ಭಯಂಕರ ಮಾತು. ಪಟ್ಟಿಯ ಬಿಗಿತ ದಪ್ಪದ ಘನಕ್ಕೆ ಏರುತ್ತದೆ. ಆರು ಮಿಲಿಮೀಟರಿನ ಪಟ್ಟಿಗಿಂತ ಏಳರದ್ದು ಒಂದೂವರೆ ಪಟ್ಟಿಗೂ ಹೆಚ್ಚು ಬಿಗಿ; ದಪ್ಪ ಎರಡರಷ್ಟಾದರೆ ಬಿಗಿತ ಎಂಟು ಪಟ್ಟು. ಗಾಡಿ ಎದ್ದದ್ದೇನೋ ಹೌದು. ಆದರೆ ಖಾಲಿ ಗಾಡಿಯಲ್ಲಿ ತೀರ್ಥಹಳ್ಳಿಗೆ ಹೋಗಿ ಬರುವಷ್ಟರಲ್ಲಿ ಹಿಂದೆ ಇಟ್ಟ ಮೂವತ್ತು ಮೊಟ್ಟೆಯಲ್ಲಿ ಹನ್ನೊಂದು ಉಳಿದವು. ಅಮ್ಮ ಮುಂದಿನ ಸೀಟಿನಲ್ಲಿ ಕೂತವರು ಇಳಿದು, "ಇನ್ನು ನಾನು ಬಸ್ಸಿಗೇ ಬರ್ತೇನೆ" ಎಂದರು. ಹೊರೆ ಹೊರುವುದೇ ಕಸುಬಾದರೆ ಹೆಚ್ಚುವರಿ ಪಟ್ಟಿ ನ್ಯಾಯ. ಕುಸಿದದ್ದನ್ನು ಎತ್ತಲಿಕ್ಕೆ ಅಲ್ಲ.

ಮೂರನೇ ಸಲ ಬೆಂಕಿಗೆ. ನಮ್ಮೂರ ಆಚಾರಿ ಕತ್ತಿ ಮಾಡುವುದರಲ್ಲಿ ನಿಸ್ಸೀಮ. ಮಲೆನಾಡಿನ ಅರ್ಧ ಕತ್ತಿ, ಮಚ್ಚುಗಳು ಹಿಂದಿನ ಜನ್ಮದಲ್ಲಿ ಲಾರಿ ಪಟ್ಟಿಗಳೇ. ಹಾಗಾಗಿ ಪಟ್ಟಿ ಹೊತ್ತುಕೊಂಡು ಅವರಲ್ಲಿಗೇ ಹೋದೆ. ಅವರು ನೋಡಿದರು, ಬೆರಳಿನ ಗೆಣ್ಣಿನಿಂದ ತಟ್ಟಿದರು. "ಕತ್ತಿ ಬೇಕಾದ್ರೆ ನಾಳೆ ಕೊಡ್ತೆ ಅಯ್ಯಾ. ಕಮಾನು ನನ್ನ ಕೈಲಿ ಆಗೂದಲ್ಲ. ಕತ್ತಿ ಹದ ತುದೀಲಿ ಇದ್ರೆ ಸಾಕು, ಇದಕ್ಕೆ ಉದ್ದಕ್ಕೂ ಬೇಕು." ಈ ವಿಷಯದಲ್ಲಿ ನನಗೆ ಸಿಕ್ಕ ಅತಿ ಪ್ರಾಮಾಣಿಕ ಮಾತು ಅದು, ನಾನು ಕೇಳಲಿಲ್ಲ. ಒಂದು ಗಿಡ್ಡ ಪಟ್ಟಿಯನ್ನಾದರೂ ನೋಡುವ ಎಂದು ಮನೆಯಲ್ಲೇ ಇದ್ದಿಲು ಒಟ್ಟಿ, ಹಳೇ ಹೇರ್ ಡ್ರೈಯರಿನಿಂದ ಗಾಳಿ ಹಾಕಿ, ಕೆಂಪಗೆ ಕಾಯಿಸಿ, ಬಗ್ಗಿಸಿ, ಬಾನಿಯ ನೀರಿಗೆ ಅದ್ದಿದೆ. ಟಣ್ ಎಂದಿತು. ಮಾರನೆ ದಿನ ಕೈ ತಪ್ಪಿ ಸಿಮೆಂಟ್ ನೆಲಕ್ಕೆ ಬಿದ್ದು ಹೂಜಿ ಒಡೆದ ಹಾಗೆ ಎರಡಾಯಿತು. ಹೇರ್ ಡ್ರೈಯರಿನ ವಿಚಾರ ಮನೆಯಲ್ಲಿ ಇನ್ನೂ ಗೊತ್ತಿಲ್ಲ.

ನೀರಿಗೆ ಅದ್ದಿದರೆ ಗಾಜು, ಗಾಳಿಗೆ ಆರಲು ಬಿಟ್ಟರೆ ಮೇಣ. ಈ ಎರಡರ ನಡುವೆ ಒಂದು ಸಣ್ಣ ಓಣಿ ಇದೆ, ಕಮಾನು ಇರುವುದು ಆ ಓಣಿಯಲ್ಲಿ. ಅಲ್ಲಿಗೆ ದಾರಿ ಗೊತ್ತಿರುವವರನ್ನು ಹುಡುಕಿಕೊಂಡು ಶಿವಮೊಗ್ಗಕ್ಕೆ ಹೋದೆ.

ಹಂತ 5: ಬಲ್ಲವರಿಗೆ ಕೊಡುವುದು

ಸ್ಪ್ರಿಂಗ್ ಅಂಗಡಿ ಗುರುತಿಸುವುದು ಸುಲಭ. ಬಾಗಿಲಲ್ಲೇ ಪಟ್ಟಿಗಳ ರಾಶಿ, ಒಳಗೆ ಕತ್ತಲೆ, ಕತ್ತಲೆಯಲ್ಲಿ ಒಂದು ಕೆಂಪು ಬಾಯಿ. ಕತ್ತಲೆ ಬಡತನಕ್ಕಲ್ಲ. ಕಾದ ಉಕ್ಕಿನ ಬಣ್ಣ ಬಿಸಿಲಿನಲ್ಲಿ ಸುಳ್ಳು ಹೇಳುತ್ತದೆ.

ಮೇಸ್ತ್ರಿ ಮೊದಲು ಮಾಡಿದ್ದು ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಬಾಗು ಗೆರೆ ಎಳೆದದ್ದು. ಬಲಗಡೆಯ ಕಮಾನನ್ನೂ ಬಿಚ್ಚಿಸಿ ತಂದಿದ್ದೆ. ಎರಡೂ ಕಡೆ ಒಟ್ಟಿಗೆ ಮಾಡದಿದ್ದರೆ ಗಾಡಿ ಈ ಸಲ ಬಲಕ್ಕೆ ವಾಲುತ್ತದೆ ಎಂದು ಫೋನಿನಲ್ಲೇ ಹೇಳಿದ್ದ. ಕಣ್ಣಿನಿಂದ ಕಣ್ಣಿಗೆ ದಾರ ಕಟ್ಟಿ, ದಾರದಿಂದ ಪಟ್ಟಿಯ ನಡುವಿಗೆ ಎಷ್ಟು ಆಳ ಎಂದು ಅಳೆದು, ಗೆರೆಯನ್ನು ಇನ್ನಷ್ಟು ಬಾಗಿಸಿ ತಿದ್ದಿದ. "ಅರ್ಧ ಇಂಚು ಜಾಸ್ತಿ ಇಡ್ತೀನಿ ಸ್ವಾಮಿ. ಅಷ್ಟು ಅದು ತಿಂದೇ ತಿನ್ನುತ್ತೆ."

ಒಂದೊಂದೇ ಪಟ್ಟಿ ಕುಲುಮೆಗೆ ಹೋಯಿತು. ಇದು ಸಿಲಿಕಾನ್, ಮ್ಯಾಂಗನೀಸ್ ಬೆರೆಸಿದ ಉಕ್ಕು. ಹದ ಹಿಡಿಯಬೇಕಾದರೆ 850ರಿಂದ 900 ಡಿಗ್ರಿಯವರೆಗೆ ಕಾಯಬೇಕು. ಅಲ್ಲಿ ಮೀಟರು ಇರಲಿಲ್ಲ, ದಾರಕ್ಕೆ ಕಟ್ಟಿದ ಒಂದು ಅಯಸ್ಕಾಂತ ಇತ್ತು. ಉಕ್ಕು 770 ಡಿಗ್ರಿ ದಾಟಿದರೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟದಾದ ಮೇಲೆ ಇನ್ನೂ ಸ್ವಲ್ಪ ಹೊತ್ತು, ಬಣ್ಣ ದಾಳಿಂಬೆ ಕೆಂಪಿನಿಂದ ಕಿತ್ತಳೆ ಕಡೆ ತಿರುಗುವವರೆಗೆ. ಇಕ್ಕುಳದಲ್ಲಿ ಎಳೆದು, ಅಚ್ಚಿನ ಮೇಲೆ ಹಾಕಿ, ಇಬ್ಬರು ಎರಡು ಕಡೆಯಿಂದ ಒತ್ತಿ ಬಗ್ಗಿಸಿ, ಬಣ್ಣ ಇಳಿಯುವ ಮೊದಲೇ ಎಣ್ಣೆಯ ತೊಟ್ಟಿಗೆ. ನೀರಲ್ಲ, ಎಣ್ಣೆ. ಹೊಗೆ ಮಾಡಿಗೆ ಮುಟ್ಟಿತು. ಇಲ್ಲಿಗೆ ಮುಗಿದಿದ್ದರೆ ಅದೂ ನನ್ನ ಬಾನಿಯ ಪಟ್ಟಿಯ ತಮ್ಮನೇ ಆಗುತ್ತಿತ್ತು. ಮತ್ತೆ ಕಾಯಿಸಬೇಕು, ಈ ಸಲ 450ರಿಂದ 500 ಡಿಗ್ರಿಗೆ, ಕೆಂಪಾಗುವ ಮೊದಲೇ. ಕತ್ತಲೆಯಲ್ಲೂ ಕಣ್ಣಿಗೆ ಕಾಣದ ಈ ಕಾವನ್ನು ಆತ ಕಂಡುಕೊಂಡ ಬಗೆ ಹೀಗೆ: ಮೈಗೆ ಅಂಟಿದ ಎಣ್ಣೆಯ ಪಸೆ ತಾನಾಗಿ ಹೊತ್ತಿಕೊಂಡು, ಪಟ್ಟಿಯ ಉದ್ದಕ್ಕೂ ಸಣ್ಣ ಜ್ವಾಲೆ ಓಡಿ, ಪೂರ್ತಿ ಉರಿದು ಆರಿತು. ಆರಿದ ಕೂಡಲೇ ಹೊರಗೆ ತೆಗೆದ. ಹಳೆಯ ಕಸುಬುದಾರರ ಲೆಕ್ಕ ಇದು. ಅದಾದ ಮೇಲೆ ಪ್ರೆಸ್ಸಿಗೆ ಹಾಕಿ ಪೂರ್ತಿ ಚಪ್ಪಟೆಯಾಗುವವರೆಗೆ ಮೂರು ಸಲ ಒತ್ತಿ ಬಿಟ್ಟ. ಮೂರನೇ ಸಲ ಬಿಟ್ಟಾಗ ಪಟ್ಟಿ ನೆಲದ ಗೆರೆಗೆ ಬಂದು ಕೂತಿತು. ನಾಯಿ ಬಾಲ!

ಬಿರುಕಿನ ಪಟ್ಟಿಗೂ, ನಾನು ಒಡೆದದ್ದಕ್ಕೂ, ಎರಡು ನೆಂಟರಿಗೂ ಬದಲಾಗಿ ಅದೇ ಅಗಲ, ಅದೇ ದಪ್ಪದ ಹೊಸ ಪಟ್ಟಿ ಕತ್ತರಿಸಿ ಕೊಟ್ಟ. ಸಂದಿಗಳಿಗೆ ಗ್ರಾಫೈಟ್ ಗ್ರೀಸು. ಊರಲ್ಲಿ ವೇಸ್ಟ್ ಆಯಿಲ್ ಬಳಿಯುವ ಪದ್ಧತಿ ಬಗ್ಗೆ ಕೇಳಿದೆ. "ಅದು ಧೂಳು ಸಾಕೋ ಕೆಲಸ" ಎಂದ.

ಹಂತ 6: ಕೂರಿಸುವುದು

ಬಿಚ್ಚಿದ್ದನ್ನು ತಿರುಗಾಮುರುಗಾ ಮಾಡಿ ಎಂದು ಎಲ್ಲ ಕೈಪಿಡಿಗಳೂ ಹೇಳಿ ಕೈತೊಳೆದುಕೊಳ್ಳುತ್ತವೆ. ಎರಡೇ ಮಾತು ಸೇರಿಸುತ್ತೇನೆ. ಕಣ್ಣಿನ ಪಿನ್ನು, ಶ್ಯಾಕಲ್ಲಿನ ಬೋಲ್ಟುಗಳನ್ನು ಗಾಡಿ ಮೇಲಿರುವಾಗ ಬರೀ ಕೈಬಿಗಿ ಮಾಡಿ. ಪೂರ್ತಿ ಬಿಗಿಯುವುದು ಚಕ್ರ ನೆಲಕ್ಕೆ ಊರಿ ಗಾಡಿಯ ಭಾರ ಕಮಾನಿನ ಮೇಲೆ ಕೂತ ಮೇಲೆ. ಮೊದಲೇ ಬಿಗಿದರೆ ರಬ್ಬರ್ ಬುಷ್ಷು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಇನ್ನೊಂದು, ಯು ಬೋಲ್ಟಿನ ನಾಲ್ಕು ನಟ್ಟುಗಳನ್ನು ಮೂಲೆಯಿಂದ ಮೂಲೆಗೆ ಸರದಿಯಲ್ಲಿ ಬಿಗಿಯಿರಿ, ಐನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬಿಗಿಯಿರಿ. ಸಡಿಲ ಬಿಟ್ಟರೆ ಕಡಿಯುವುದು ಸೆಂಟರ್ ಬೋಲ್ಟು; ಆಮೇಲೆ ನಾಯಿ ನಡಿಗೆ.

ಗಾಡಿ ನೆಟ್ಟಗಾದ ಹುಮ್ಮಸ್ಸಿನಲ್ಲಿ ಭಾವ ಇನ್ನೊಂದು ಆಸೆ ಹುಟ್ಟಿಸಿದರು, ವಿಂಟೇಜ್ ಎಂದು ನೋಂದಾಯಿಸುವ ಎಂದು. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, ಐವತ್ತು ವರ್ಷ ದಾಟಿ ಮೂಲರೂಪದಲ್ಲೇ ಇರುವ ಗಾಡಿಗೆ ವಿಎ ಅಕ್ಷರದ ವಿಶೇಷ ನಂಬರು ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ. ಮೂಲರೂಪ ಎಂಬಲ್ಲಿಗೆ ನಮ್ಮ ಮಾತು ನಿಂತಿತು. ಅಪ್ಪ ಅದರ ಪೆಟ್ರೋಲ್ ಎಂಜಿನ್ನನ್ನು ಎಂಬತ್ತರ ದಶಕದಲ್ಲೇ ಕಿತ್ತು ಡೀಸೆಲ್ ಕೂರಿಸಿದ್ದರು. ಅಲ್ಲದೆ ವಿಂಟೇಜ್ ಗಾಡಿಯನ್ನು ಮೆರವಣಿಗೆ, ಪ್ರದರ್ಶನಕ್ಕೆ ಒಯ್ಯಬಹುದೇ ಹೊರತು ದಿನದ ಓಡಾಟಕ್ಕಿಲ್ಲ. ಮೊಂಡನಿಗೆ ಅಂಥ ನಿವೃತ್ತಿ ಒಗ್ಗುವುದಿಲ್ಲ.

ಮಡ್‌ಗಾರ್ಡಿನ ಅಳತೆ ಈಗ ಎಡ ಬಲ ಎರಡೂ ಒಂದೇ, ಕಾಲು ಇಂಚಿನ ವ್ಯತ್ಯಾಸದಲ್ಲಿ. ಅಮ್ಮ ಮತ್ತೆ ಮುಂದಿನ ಸೀಟಿಗೆ ಬಂದಿದ್ದಾರೆ. ಊರಿನವರಲ್ಲಿ ಒಂದು ವಿನಂತಿ: ಬಾಳೆಗೊನೆ, ಅಡಿಕೆ ಮೂಟೆ, ದಿಬ್ಬಣ ಇದ್ದರೆ ಹೇಳಿ, ಬರುತ್ತೇನೆ, ದಿಬ್ಬಣದವರು ಅರ್ಧ ಜನ ಬಲಗಡೆ ಕೂರಬೇಕು. ಮನೆ ಕಟ್ಟಿಸುವವರು ಕಲ್ಲಿಗೆ ಟ್ರ್ಯಾಕ್ಟರ್ ನೋಡಿಕೊಳ್ಳಿ.